ಎಲ್ಲರ ಪರವಾಗಿ ಒತ್ತಿದ ಒಪ್ಪಿಗೆ

ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬಾಗಿಲ ಕಾವಲುಗಾರನಿಂದ ಹಿಡಿದು ದೊಡ್ಡ ಮೇಲ್ವಿಚಾರಕರವರೆಗೆ ಎಲ್ಲರಿಗೂ ಅವನು ಪೊಟ್ಟಣದಣ್ಣ. ಕೊಂಡವರು ಮನೆಗೆ ಒಯ್ದು ತಾವೇ ಜೋಡಿಸಿಕೊಳ್ಳುವಂಥ ಮೇಜು, ಕಪಾಟು, ಮಂಚಗಳನ್ನು ತಯಾರಿಸುವ ಕಾರ್ಖಾನೆ ಅದು. ಬೇರೆ ವಿಭಾಗದವರು ಹಲಗೆ ಕೊಯ್ದು, ತೂತು ಕೊರೆದು, ಅಂಚು ನುಣುಪು ಮಾಡಿ ಕಳಿಸಿದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ಒಪ್ಪವಾಗಿ ಹೊಂದಿಸಿ ಬಾಯಿ ಮುಚ್ಚುವುದು ಅವನ ವಿಭಾಗದ ಕೆಲಸ. ಸ್ಕ್ರೂ, ಬೋಲ್ಟು, ಮರದ ಗೂಟ, ಅವನ್ನು ತಿರುಗಿಸುವ ಸಣ್ಣ ಕೀಲಿ, ಇವೆಲ್ಲ ಇರುವ ಪುಟ್ಟ ಪೊಟ್ಟಣವನ್ನು ಕೊನೆಗೆ ಅವನೇ ಕೈಯಾರೆ ಇಡುತ್ತಿದ್ದ. ಹೆಸರು ಬಂದದ್ದು ಅದರಿಂದ.

ಒಮ್ಮೆ ಆಗಲೇ ಲಾರಿಗೆ ಏರಿಸಿದ್ದ ಮಂಚದ ಪೆಟ್ಟಿಗೆಯೊಂದನ್ನು ಅವನು ಇಳಿಸಿ ಬಿಚ್ಚಿಸಿದ. ಬೆಂಚಿನ ಕೆಳಗೆ ಒಂದು ಸ್ಕ್ರೂ ಬಿದ್ದಿದ್ದು ಅವನ ಕಣ್ಣಿಗೆ ಬಿದ್ದಿತ್ತು.

“ಅಣ್ಣಾ, ಒಂದು ಸ್ಕ್ರೂ ಕಡಮೆ ಆದ್ರೆ ಮಂಚ ಬಿದ್ದುಹೋಗುತ್ತಾ?” ಎಂದು ಲಾರಿಯವನು ಗೊಣಗಿದ.

“ಮಂಚ ಬೀಳಲ್ಲಪ್ಪ. ಗಂಡ ಹೆಂಡತಿ ಮಧ್ಯೆ ಜಗಳ ಬೀಳುತ್ತೆ. ನೀನೇ ಕಳೆದೆ, ನೀನೇ ಬೀಳಿಸಿದೆ ಅಂತ ಒಂದು ಭಾನುವಾರವೇ ಹಾಳಾಗುತ್ತೆ. ಪೆಟ್ಟಿಗೆ ಬಿಚ್ಚಿದವರು ಮತ್ತೆ ಚಪ್ಪಲಿ ಮೆಟ್ಕೊಂಡು ಅಂಗಡಿಗೆ ಹೋಗಬಾರದು. ಇಳಿಸು.”

ಲಾರಿಯವನು ತಲೆ ಚಚ್ಚಿಕೊಂಡು ಇಳಿಸಿದ. ಆ ಸ್ಕ್ರೂ ಯಾವ ಪೆಟ್ಟಿಗೆಯದೂ ಅಲ್ಲ, ಬೆಂಚಿನದೇ ಎಂದು ಆಮೇಲೆ ಗೊತ್ತಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೊಟ್ಟಣದಣ್ಣನೂ ನಕ್ಕ. ಆದರೆ ಮರುದಿನದಿಂದ ಅವನ ರೀತಿಯೇನೂ ಬದಲಾಗಲಿಲ್ಲ. ತನ್ನ ಕೈಯಿಂದ ಹೋದದ್ದು ಪೂರ್ತಿಯಾಗಿರಬೇಕು, ತೆಗೆದುಕೊಂಡವರಿಗೆ ಕಿಂಚಿತ್ತೂ ತೊಂದರೆಯಾಗಬಾರದು ಎಂಬುದು ಅವನ ಮೈಗೇ ಹತ್ತಿದ ಗುಣ. ಗುಣವೇನೋ ಒಳ್ಳೆಯದೇ. ಅವನ ಬಾಳಿನ ದೊಡ್ಡ ತಪ್ಪು ಹುಟ್ಟಿದ್ದು ಮಾತ್ರ ಇದೇ ಗುಣದ ಹೊಟ್ಟೆಯಲ್ಲಿ.

ಅವನ ಜೊತೆ ಮನೆಯಲ್ಲಿ ಇದ್ದವರು ಇಬ್ಬರು, ಹೆಂಡತಿ ಮತ್ತು ಅಕ್ಕ. ಅಕ್ಕ ಅವನಿಗಿಂತ ಬಹಳ ದೊಡ್ಡವಳು. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ಮದುವೆ ಬೇಡವೆಂದು ಹಟ ಹಿಡಿದವಳು. ಯಾರಾದರೂ ಕೇಳಿದರೆ, “ಒಬ್ಬ ಗಂಡನ್ನ ತಿದ್ದೋದಕ್ಕಿಂತ ನೂರು ಜನ ಲೇಖಕರನ್ನ ತಿದ್ದೋದು ಸುಲಭ” ಎಂದು ನಗುತ್ತಿದ್ದಳು. ಹಗಲೆಲ್ಲ ಅಕ್ಷರದ ನಡುವೆಯೇ ಇದ್ದು ಮನೆಗೆ ಬಂದರೂ ಅವಳ ಕೈಯಲ್ಲೊಂದು ಪುಸ್ತಕ ಇದ್ದೇ ಇರುತ್ತಿತ್ತು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡಿತು. ಮೊದಲು ಸಾಲುಗಳು ಅಲುಗಾಡಿದವು, ಆಮೇಲೆ ಪುಟದ ನಡುವೆ ಕಪ್ಪು ಕಲೆ ಕೂತಿತು, ಕೊನೆಗೆ ಕಿಟಕಿ ಎಲ್ಲಿದೆ ಎಂಬುದಷ್ಟೇ ಉಳಿಯಿತು. ಉಬ್ಬು ಚುಕ್ಕಿಗಳ ಬ್ರೈಲ್ ಕಲಿಯೋಣವೆಂದು ಹೋದಳು. ಅಷ್ಟರಲ್ಲಿ ಅದೇ ಕಾಯಿಲೆ ಬೆರಳ ತುದಿಗಳಿಗೂ ಜೋಮು ಹಿಡಿಸಿತ್ತು.

“ಚುಕ್ಕಿ ಯಾವುದು, ಕಾಗದ ಯಾವುದು ಗೊತ್ತಾಗಲ್ಲ ಕಣೋ. ಕೈಗವಸು ಹಾಕ್ಕೊಂಡು ಗೋಡೆ ಸವರಿದ ಹಾಗಿದೆ” ಎಂದು ಪುಸ್ತಕ ಮಡಿಸಿಟ್ಟಳು.

ಆಗ ತಮ್ಮ ಹುಡುಕಾಟಕ್ಕೆ ಹೊರಟ. ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಮೇಲಿನ ಚೀಟಿ ಮುದ್ರಿಸಲು ಒಂದು ಕಂಪ್ಯೂಟರ್ ಇತ್ತು. ಅದರ ಸಹವಾಸದಿಂದ ಅವನಿಗೆ ಆ ಯಂತ್ರದ ಭಯ ಹೋಗಿತ್ತು. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಇದೆಯೆಂದೂ, ಅದನ್ನು ಬೇರೆ ಬೇರೆ ಊರುಗಳ ಉತ್ಸಾಹಿಗಳು ಸೇರಿ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆಂದೂ ತಿಳಿಯಿತು. ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಅದರ ಜೊತೆಗೆ ಬರುತ್ತಿದ್ದ ದನಿ ಮಾತ್ರ ಖಾಲಿ ಡಬ್ಬಿಯೊಳಗೆ ಜೀರುಂಡೆ ಬಿಟ್ಟ ಹಾಗಿತ್ತು. ಒಳ್ಳೆಯ ದನಿ ಬೇಕಾದರೆ ಒಂದು ಕಂಪನಿಯ ಲೈಬ್ರರಿ ಹಾಕಿಕೊಳ್ಳಬೇಕಿತ್ತು. ತಂತ್ರಾಂಶದವರ ಮಾತಿನಲ್ಲಿ ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ. ಬೇರೆ ಕಾರ್ಯಕ್ರಮಗಳು ಎರವಲು ಪಡೆದು ಬಳಸುವ ಸಿದ್ಧ ಭಾಗ. ಇದು ಕಂಪನಿಯ ಸ್ವಂತ ಸೊತ್ತು. ಅವರು ಅದನ್ನೂ ಉಚಿತವಾಗಿಯೇ ಕೊಡುತ್ತಿದ್ದರು. ಆದರೆ ಒಂದು ಕರಾರು ಇತ್ತು. ಬಳಸುವ ಪ್ರತಿಯೊಬ್ಬರೂ ಕಂಪನಿಯ ಪುಟಕ್ಕೆ ತಾವೇ ಹೋಗಿ, ಹೆಸರು ಬರೆಸಿ, ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿ, ತಮ್ಮದೇ ಆದ ಒಂದು ಕೀಲಿ ಸಂಖ್ಯೆ ಪಡೆಯಬೇಕು. ಪಡೆದದ್ದನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ.

ಪೊಟ್ಟಣದಣ್ಣ ಮೊದಲು ಪರೀಕ್ಷೆಗೆಂದು ತನ್ನ ಹೆಸರಿನಲ್ಲಿ ಕೀಲಿ ಪಡೆದ. ಸರಿಯಾಗಿದೆ ಎನಿಸಿದ ಮೇಲೆ ಅದೇ ಕೀಲಿಯಿಂದ ಅಕ್ಕನಿಗೆಂದು ಕೊಂಡು ತಂದ ಕಂಪ್ಯೂಟರಿನಲ್ಲೂ ಕೂರಿಸಿದ. ಮನೆಯೊಳಗಿನ ಮಾತು, ಅಕ್ಕನದು ಬೇರೆ ತನ್ನದು ಬೇರೆಯೇ? ಎಂದುಕೊಂಡ.

ಆ ದನಿ ಒಬ್ಬ ಗಂಡಸಿನದು. ಚೂಪು ದನಿ; ಒಂದೊಂದು ಅಕ್ಷರವೂ ಮೊಳೆ ಹೊಡೆದ ಹಾಗೆ ಬೇರೆ ಬೇರೆಯಾಗಿ ಕೂರುತ್ತಿತ್ತು. ಭಾವವೆಂಬುದು ಲವಲೇಶವೂ ಇರಲಿಲ್ಲ. ಅಕ್ಕ ಅದಕ್ಕೆ ‘ಗುಮಾಸ್ತ’ ಎಂದು ಹೆಸರಿಟ್ಟಳು.

“ನೋಡೇ, ನಾಯಕಿ ಸಾಯ್ತಾ ಇದ್ದಾಳೆ, ಇವನು ಈರುಳ್ಳಿ ಧಾರಣೆ ಓದೋ ಹಾಗೆ ಓದ್ತಾನೆ” ಎಂದು ತಮ್ಮನ ಹೆಂಡತಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

“ಮತ್ತೆ ನೀವು ಅಳ್ತಾ ಇದ್ದೀರಲ್ಲ ಅತ್ತಿಗೆ?”

“ಅವನು ಅಳಲ್ವಲ್ಲ, ಅದಕ್ಕೆ ಆ ಕೆಲಸ ನನ್ನ ತಲೆಗೆ ಬಿದ್ದಿದೆ.”

ಹೀಗೆ ಅಕ್ಕನಿಗೆ ಓದು ವಾಪಸು ಬಂತು. ಬೆಳಗಿನ ಚಹಾ ಮುಗಿಯುವ ಮೊದಲೇ ಬೀದಿ ಕಡೆಯ ಅವಳ ಕೋಣೆಯಿಂದ ಗುಮಾಸ್ತನ ದನಿ ಕೇಳತೊಡಗುತ್ತಿತ್ತು. ಅವನ ವೇಗ ಹೆಚ್ಚಿಸಿ ಹೆಚ್ಚಿಸಿ, ಬೇರೆಯವರಿಗೆ ಬರೀ ಟಕಟಕ ಎಂದು ಕೇಳುವಷ್ಟು ಜೋರಾಗಿ ಓಡಿಸಿ, ಅವಳು ಪುಸ್ತಕದ ಮೇಲೆ ಪುಸ್ತಕ ಮುಗಿಸುತ್ತಿದ್ದಳು. ತಮ್ಮ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ಹಾಗೇ ಆ ದಿನ ಓದಿದ್ದನ್ನೆಲ್ಲ ಅವನ ಮುಂದೆ ಹರವುತ್ತಿದ್ದಳು.

ಈ ಸಂತೋಷದಲ್ಲಿ ತಮ್ಮ ಆ ಮುಕ್ತ ತಂತ್ರಾಂಶದ ಉತ್ಸಾಹಿಗಳಿಗೆ ಪತ್ರ ಬರೆದ. ತನಗೆ ಪ್ರೋಗ್ರಾಂ ಬರೆಯಲು ಬಾರದು, ಪೊಟ್ಟಣ ಕಟ್ಟಲು ಬರುತ್ತದೆ ಎಂದ. ಅವರಿಗೂ ಅದೇ ಬೇಕಿತ್ತು. ತಂತ್ರಾಂಶದ ನೂರಾರು ತುಂಡುಗಳನ್ನು ಒಟ್ಟಿಗೆ ಸೇರಿಸಿ, ಒಂದು ಸಲ ಒತ್ತಿದರೆ ತಾನಾಗಿಯೇ ಬಿಚ್ಚಿಕೊಂಡು ಯಂತ್ರದಲ್ಲಿ ಕೂರುವಂತೆ ಕಟ್ಟುವ ಗಂಟಿಗೆ ಇನ್‌ಸ್ಟಾಲರ್ ಎನ್ನುತ್ತಾರೆ. ಆ ಗಂಟು ಕಟ್ಟುವ ಕೆಲಸವನ್ನು ಅವನಿಗೆ ಒಪ್ಪಿಸಿದರು. ಸಂಬಳವಿಲ್ಲದ ಆ ಕೆಲಸವನ್ನು ಅವನು ಭಾನುವಾರಗಳಂದು ಅಕ್ಕನ ಕೋಣೆಯಲ್ಲಿ ಕೂತು ಮಾಡುತ್ತಿದ್ದ. ಅಲ್ಲಿಯೂ ಅವನ ಹೆಸರು ಪೊಟ್ಟಣದಣ್ಣ ಎಂದೇ ಆಯಿತು.

ಬಳಸುವವರು ತೊಡಕು ಬಂದಾಗ ಅವನಿಗೆ ಫೋನ್ ಮಾಡುತ್ತಿದ್ದರು. ಅವರಲ್ಲೊಬ್ಬರು ಸಂಗೀತದ ಮೇಷ್ಟರು. ಹುಟ್ಟಿನಿಂದಲೇ ಕಣ್ಣಿಲ್ಲ, ನಾಲಗೆ ಮಾತ್ರ ಬಲು ಚುರುಕು.

“ಅಲ್ಲ ಮಾರಾಯರೇ, ನಿಮ್ಮ ಪ್ರೋಗ್ರಾಂ ಕೂತುಕೊಳ್ತು. ದನಿ ತಗೊಳ್ಳೋಕೆ ಕಂಪನಿ ಪುಟಕ್ಕೆ ಹೋದೆ. ಅಲ್ಲಿ ನೀನು ಮನುಷ್ಯನೋ ಯಂತ್ರವೋ ಅಂತ ಪರೀಕ್ಷೆ ಮಾಡ್ತಾರಂತೆ. ಸೊಟ್ಟಂಬಟ್ಟ ಅಕ್ಷರದ ಚಿತ್ರ ಹಾಕಿದ್ದಾರಂತೆ, ಅದನ್ನ ಓದಿ ಬರೀಬೇಕಂತೆ. ಚಿತ್ರ ಓದೋಕಾಗಿದ್ರೆ ನನಗೆ ನಿಮ್ಮ ಪ್ರೋಗ್ರಾಂ ಯಾಕ್ರೀ ಬೇಕಿತ್ತು?”

ಪೊಟ್ಟಣದಣ್ಣನಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಸ್ಕ್ರೂ ಇಲ್ಲದ ಮಂಚವನ್ನು ತಾನು ಊರೂರಿಗೆ ಕಳಿಸುತ್ತಿದ್ದೇನೆ ಎನಿಸಿತು. ಮುಂದಿನ ಭಾನುವಾರ ಅವನು ಎರಡನೆಯ ಗಂಟೊಂದನ್ನು ಕಟ್ಟಿದ. ಅದರೊಳಗೆ ಕಂಪನಿಯ ದನಿಯನ್ನೂ ಇಟ್ಟ. ತನ್ನ ಕೀಲಿ ಸಂಖ್ಯೆಯನ್ನೂ ಇಟ್ಟ. ಕರಾರಿನ ಪುಟ ಬಂದಾಗ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಇನ್‌ಸ್ಟಾಲರೇ ಸದ್ದಿಲ್ಲದೆ ಒತ್ತಿಬಿಡುವಂತೆ ಮಾಡಿದ. ಬಳಸುವವರಿಗೆ ಆ ಪುಟ ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. ಅದಕ್ಕೆ ‘ಪೂರ್ಣ ಪೊಟ್ಟಣ’ ಎಂದು ಹೆಸರಿಟ್ಟು ಜಾಲದಲ್ಲಿ ಹಾಕಿದ.

ಆ ಯೋಜನೆಯನ್ನು ನಡೆಸುತ್ತಿದ್ದವರು ದೂರದ ಊರಿನ ಒಬ್ಬ ಹೆಂಗಸು; ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ವಿಷಯ ತಿಳಿದು ಫೋನ್ ಮಾಡಿದರು.

“ಅಣ್ಣಾ, ನಮ್ಮ ಪ್ರೋಗ್ರಾಂ ನಮ್ಮದು, ಯಾರಿಗೆ ಬೇಕಾದ್ರೂ ಕೊಡೋಣ. ಆ ದನಿ ನಮ್ಮದಲ್ಲ. ನಮ್ಮ ಪೆಟ್ಟಿಗೇಲಿ ಅವರ ಸಾಮಾನು ಇಡಬಾರದು.”

“ಅವರೂ ಪುಕ್ಕಟೆ ಕೊಡ್ತಾರಲ್ಲ ಮೇಡಂ?”

“ಅವರು ಕೊಡೋದು ಬೇರೆ, ನಾವು ಹಂಚೋದು ಬೇರೆ.”

“ಹಾಗಾದ್ರೆ ಸ್ಕ್ರೂ ಇಲ್ಲದ ಮಂಚ ಕಳಿಸು ಅಂತೀರಾ?”

“ಸ್ಕ್ರೂ ಎಲ್ಲಿ ಸಿಗುತ್ತೆ ಅಂತ ಒಂದು ಚೀಟಿ ಇಡಿ ಅಂತೀನಿ.”

“ಚೀಟಿ ಓದೋಕೆ ಕಣ್ಣು ಬೇಕಲ್ಲ ಮೇಡಂ.”

ಮೇಡಂ ನಿಟ್ಟುಸಿರು ಬಿಟ್ಟರು. ಕಂಪನಿಯವರಿಗೆ ತಾನೇ ಬರೆದು ಅನುಮತಿ ಕೇಳುತ್ತೇನೆ, ಅಲ್ಲಿಯವರೆಗೆ ತೆಗೆದುಬಿಡಿ ಎಂದರು. ಅವನು ಆಗಲಿ ಎಂದ. ಆದರೆ ಮರುದಿನ ನಾಲ್ಕು ಜನ ಫೋನ್ ಮಾಡಿ, ಬದುಕಿದೆವು, ಒಂದೇ ಸಲಕ್ಕೆ ಎಲ್ಲ ಕೂತಿತು ಎಂದು ಹರಸಿದರು. ಸಂಗೀತದ ಮೇಷ್ಟರಂತೂ ಫೋನಿನಲ್ಲೇ ಒಂದು ಆಲಾಪ ಹಾಡಿಬಿಟ್ಟರು. ತೆಗೆಯಲು ಅವನ ಕೈ ಬರಲಿಲ್ಲ. ಕಂಪನಿಯಿಂದ ಮೇಡಂ ಪತ್ರಕ್ಕೆ ಉತ್ತರವೂ ಬರಲಿಲ್ಲ. ಅವರು ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೇಡಂ ಮತ್ತೆರಡು ಸಲ ಹೇಳಿ ಸೋತರು.

ವರ್ಷಗಳು ಹೋದವು. ಪೂರ್ಣ ಪೊಟ್ಟಣ ಸಾವಿರಾರು ಮನೆಗಳಿಗೆ ಹೋಯಿತು. ಎಲ್ಲರ ಯಂತ್ರದಲ್ಲೂ ಒಂದೇ ಕೀಲಿ, ಎಲ್ಲರ ಪರವಾಗಿಯೂ ಒಂದೇ ಒಪ್ಪಿಗೆ.

ಈ ನಡುವೆ ಅಕ್ಕನ ಕಿವಿ ಮಂದವಾಗತೊಡಗಿತು. ಮೊದಮೊದಲು ಎರಡು ಸಲ ಹೇಳಿದರೆ ಸಾಕಿತ್ತು, ಆಮೇಲೆ ಬಲಗಿವಿಯ ಹತ್ತಿರ ಹೋಗಿ ಹೇಳಬೇಕಾಯಿತು. ವೈದ್ಯರು ಕಿವಿಗೆ ಯಂತ್ರ ಕೊಟ್ಟರು. ಅದು ಬೀದಿಯ ಗದ್ದಲವನ್ನೆಲ್ಲ ತಂದು ಕಿವಿಗೆ ಸುರಿಯಿತೇ ಹೊರತು ಮಾತನ್ನು ಬಿಡಿಸಿ ಕೊಡಲಿಲ್ಲ. “ಸಂತೆ ಮಧ್ಯೆ ಕೂರಿಸಿದ ಹಾಗಾಗುತ್ತೆ, ತೆಗಿಯೋ ಇದನ್ನ” ಎಂದು ಅಕ್ಕ ಡಬ್ಬಿಯಲ್ಲಿ ಹಾಕಿಟ್ಟಳು. ಮನೆಯವರ ಮಾತನ್ನು ಅರ್ಧ ಕೇಳಿ ಅರ್ಧ ಊಹಿಸುತ್ತಿದ್ದಳು. ಊಟ ಆಯಿತೇ ಎಂದರೆ ಮಳೆ ನಿಂತಿತು ಎಂಬ ಉತ್ತರ ಬರುತ್ತಿತ್ತು, ಮೂವರೂ ನಗುತ್ತಿದ್ದರು. ಆದರೆ ಗುಮಾಸ್ತನೊಬ್ಬ ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳುತ್ತಿದ್ದ. ಅವನ ಚೂಪು ಅಕ್ಷರಗಳಿಗೂ ಅವಳ ಕಿವಿಗೂ ಅಷ್ಟು ವರ್ಷದ ಒಡನಾಟ. ವೇಗ ತಗ್ಗಿಸಿ, ಶಬ್ದ ಹೆಚ್ಚಿಸಿ, ಸ್ಪೀಕರಿನ ಕಡೆಗೆ ಬಲಗಿವಿ ಕೊಟ್ಟು ಕೂತರೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಲೋಕದ ಕಡೆಗೆ ಅವಳಿಗೆ ಉಳಿದಿದ್ದ ಬಾಗಿಲು ಅದೊಂದೇ. ತಮ್ಮನಿಗೂ ಇದು ಗೊತ್ತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಡಂ ಫೋನ್ ಬಂತು.

“ಅಣ್ಣಾ, ಊಟ ಆಯ್ತಾ?”

“ಆಯ್ತು ಮೇಡಂ.”

“ಹಾಗಾದ್ರೆ ಹೇಳ್ತೀನಿ.”

ದನಿಯ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತ್ತು. ಹೊಸ ಯಜಮಾನರು ಮೊದಲು ಮಾಡಿದ ಕೆಲಸ ಹಳೆಯ ಕೀಲಿಗಳನ್ನು ತಪಾಸಣೆ ಮಾಡಿದ್ದು. ಒಬ್ಬ ಮನುಷ್ಯ ಒಂದೇ ಕೀಲಿಯಿಂದ ಸಾವಿರಾರು ಯಂತ್ರಗಳಲ್ಲಿ ತಮ್ಮ ದನಿಯನ್ನು ಕೂರಿಸಿದ್ದಾನೆ ಎಂದು ಕಂಡು ಅವರು ಮೇಡಂಗೆ ನೋಟೀಸು ಕಳಿಸಿದ್ದರು. ಪೂರ್ಣ ಪೊಟ್ಟಣವನ್ನು ತಕ್ಷಣ ತೆಗೆಯಬೇಕು. ಯೋಜನೆಯ ಯಾರೊಬ್ಬರೂ ಇನ್ನು ಮುಂದೆ ಪರವಾನಗಿಯಿಲ್ಲದೆ ಆ ದನಿಯನ್ನು ಹಂಚಬಾರದು, ಬಳಸಲೂಬಾರದು. ತಪ್ಪಿದರೆ ಇಡೀ ಯೋಜನೆಯ ಮೇಲೆ ದಾವೆ.

“ದಾವೆ ಆದ್ರೆ ನಮ್ಮ ಹತ್ರ ವಕೀಲರೂ ಇಲ್ಲ, ಏನೂ ಇಲ್ಲ. ಅಂಗಡಿ ಮುಚ್ಚಬೇಕಾಗುತ್ತೆ. ಎಲ್ಲರ ಪರವಾಗಿ ನಾನು ಬರೆದುಕೊಡಬೇಕು. ನಿಮ್ಮನ್ನ ಕೇಳದೆ ಬರೆಯಲ್ಲ. ಮಾತು ಕೊಡ್ತೀರಾ?”

‘ಕೇಳದೆ ಬರೆಯಲ್ಲ’ ಎಂಬ ಮಾತು ಅವನಿಗೆ ಚುರುಕ್ ಎಂದಿತು. “ಕೊಟ್ಟೆ ಮೇಡಂ” ಎಂದ. ಸಂಜೆ ಮನೆಗೆ ಹೋಗಿ ತಾನು ಕಟ್ಟಿದ ಗಂಟನ್ನು ತಾನೇ ಅಳಿಸಿದ. ಅವನ ಕೀಲಿಯನ್ನು ಕಂಪನಿ ರದ್ದು ಮಾಡಿತು. ಆದರೆ ಆ ಹಳೆಯ ದನಿ ಕೀಲಿಯನ್ನು ಕೇಳುತ್ತಿದ್ದದ್ದು ಹೊಸದಾಗಿ ಕೂರಿಸುವಾಗ ಮಾತ್ರ. ಈಗಾಗಲೇ ಕೂತಿದ್ದ ಯಂತ್ರಗಳಲ್ಲಿ ಅದು ಎಂದಿನಂತೆ ಓದುತ್ತಿತ್ತು. ಪಕ್ಕದಲ್ಲೇ ಅಕ್ಕ ಯಾವುದೋ ಪ್ರವಾಸ ಕಥನ ಕೇಳುತ್ತಾ ತಲೆದೂಗುತ್ತಿದ್ದಳು. ಅದು ಕೂಡ ಬಳಸಬಾರದ ದನಿಯೇ ಎಂದು ಅವನ ಮನಸ್ಸು ಹೇಳಿತು. ಸದ್ಯ ಅವಳ ಬಾಗಿಲು ಮುಚ್ಚಲಿಲ್ಲವಲ್ಲ ಎಂದು ಅದನ್ನು ಸುಮ್ಮನಿರಿಸಿದ. ಅವಳಿಗೆ ಏನೂ ಹೇಳಲಿಲ್ಲ.

ಹೆಚ್ಚು ದಿನ ಆಗಲಿಲ್ಲ. ಒಂದು ಬೆಳಗ್ಗೆ ಅಕ್ಕನ ಕಂಪ್ಯೂಟರು ಕಟಕಟ ಎಂದು ಹಲ್ಲು ಕಡಿದ ಹಾಗೆ ಸದ್ದು ಮಾಡಿ ನಿಂತುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, “ಡಿಸ್ಕ್ ಹೋಗಿದೆ ಸಾರ್, ಒಳಗಿರೋದೇನೂ ಬರಲ್ಲ” ಎಂದ. ಹೊಸ ಡಿಸ್ಕ್ ಹಾಕಿಸಿ ತಂದು ಪೊಟ್ಟಣದಣ್ಣ ಮುಕ್ತ ತಂತ್ರಾಂಶವನ್ನು ಕೂರಿಸಿದ. ಡಬ್ಬಿಯೊಳಗಿನ ಜೀರುಂಡೆ ಮಾತಾಡಿತು. ಅಕ್ಕ ಕಿವಿಯನ್ನು ಹತ್ತಿರ ತಂದಳು.

“ಏನೋ ಇದು ಗುಯ್ ಅಂತಿದೆ? ಗುಮಾಸ್ತ ಎಲ್ಲೋ?”

“ಬರ್ತಾನೆ ಅಕ್ಕಾ” ಎಂದ. ಏನಾದರೂ ದಾರಿ ಇರಬಹುದೆಂದು ಮರುದಿನ ಕಂಪನಿಗೆ ಫೋನ್ ಮಾಡಿದ. ಅತ್ತ ಮಾತಾಡಿದ ಹೆಣ್ಣುಮಗಳು ಒರಟಾಗಿರಲಿಲ್ಲ. ಅವನ ಕಥೆಯನ್ನೆಲ್ಲ ಸಾವಧಾನವಾಗಿ ಕೇಳಿದಳು.

“ಸರ್, ನಿಮ್ಮ ಅಕ್ಕನವರ ಹೆಸರಲ್ಲಿ ಹುಡುಕಿದೆ. ನಮ್ಮಲ್ಲಿ ಇಲ್ಲ.”

“ಅಷ್ಟು ವರ್ಷದಿಂದ ಬಳಸ್ತಿದ್ದಾಳಮ್ಮ. ಬೆಳಗ್ಗಿಂದ ಸಂಜೆವರೆಗೆ.”

“ಇರಬಹುದು ಸರ್. ನಮ್ಮ ಪಾಲಿಗೆ ಬಳಸಿದ್ದು ನೀವು. ತಮ್ಮ ತಮ್ಮ ಹೆಸರಲ್ಲಿ ನೋಂದಾಯಿಸಿದ್ದ ಹಳಬರಿಗೆಲ್ಲ ಆ ದನಿ ಜೀವಮಾನವಿಡೀ ಸಿಗುತ್ತೆ. ಹೊಸ ಕಂಪ್ಯೂಟರ್ ತಗೊಂಡ್ರೂ ಹೊಸ ಕೀಲಿ ಕೊಡ್ತೀವಿ. ನಿಮ್ಮ ಇನ್‌ಸ್ಟಾಲರಿನಿಂದ ಹಾಕಿಕೊಂಡವರು ಯಾರೂ ಅದರಲ್ಲಿ ಬರಲ್ಲ.”

“ಈಗ ಅವಳ ಹೆಸರು ಬರೆಸ್ತೀನಿ. ಏನು ಬೇಕಾದ್ರೂ ಒಪ್ತೀವಿ.”

“ಆ ದನಿಯನ್ನ ಹೊಸಬರಿಗೆ ಕೊಡೋದು ನಿಂತುಹೋಗಿದೆ ಸರ್. ನಾನು ಮೇಲಿನವರನ್ನೂ ಕೇಳಿದೆ.” ಆಮೇಲೆ ಅವಳೇ, “ನಮ್ಮ ಹೊಸ ದನಿ ಬಂದಿದೆ. ತುಂಬ ಇಂಪಾಗಿದೆ. ಕಳಿಸ್ಲಾ?” ಎಂದಳು.

ಕಳಿಸಿದಳು. ಅದು ಹೆಣ್ಣು ದನಿ. ಉಸಿರು ಸೇರಿಸಿ, ಏರಿಳಿತ ಮಾಡಿ, ಮನುಷ್ಯರ ಹಾಗೆಯೇ ಓದುತ್ತಿತ್ತು. ಅಕ್ಕ ಬಹಳ ಹೊತ್ತು ಕಿವಿಗೊಟ್ಟಳು.

“ಇವಳ್ಯಾರೋ ಬಾಯಲ್ಲಿ ಏನೋ ಇಟ್ಕೊಂಡು ಪಕ್ಕದ ಮನೇಲಿ ಮಾತಾಡ್ತಾಳೆ. ಒಳ್ಳೆ ಮನೆತನದ ಹುಡುಗಿ ಅನ್ಸುತ್ತೆ. ಆದ್ರೆ ಏನಂತಿದ್ದಾಳೆ?”

ಇನ್ನು ಮುಚ್ಚಿಡುವುದು ಆಗದ ಮಾತು. ಅವನು ಕುರ್ಚಿಯನ್ನು ಅವಳ ಬಲಗಡೆಗೆ ಎಳೆದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು, ನಡೆದದ್ದನ್ನೆಲ್ಲ ತುಂಡು ತುಂಡು ಮಾಡಿ ಹೇಳಿದ. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಬೇಕಾಯಿತು. ತಪ್ಪನ್ನು ಒಮ್ಮೆ ಹೇಳುವುದೇ ಕಷ್ಟ. ಅವನು ಕೂಗಿ ಕೂಗಿ ಹೇಳಬೇಕಾಯಿತು. ಅಡುಗೆಮನೆಯಲ್ಲಿದ್ದ ಹೆಂಡತಿ ನಲ್ಲಿ ನಿಲ್ಲಿಸಿ ನಿಂತಳು.

ಅಕ್ಕ ಕೈಯಿಂದ ತಡಕಿ ಸ್ಪೀಕರನ್ನು ಆರಿಸಿದಳು.

“ಹಾಗಾದ್ರೆ ನನ್ನ ಹೆಸರು ಎಲ್ಲೂ ಬರೆಸಿರಲಿಲ್ವಾ?”

“ಇಲ್ಲ ಅಕ್ಕಾ.”

“ಒಂದು ಮಾತು ಕೇಳಬಹುದಿತ್ತಲ್ಲೋ.”

“ನಿನಗೆ ತೊಂದರೆ ಯಾಕೆ ಅಂತ...”

“ಏನು ತೊಂದರೆ? ಚಿತ್ರದ ಅಕ್ಷರ ನೀನು ಓದ್ತಿದ್ದೆ. ಹೆಸರು ನಾನು ಹೇಳ್ತಿದ್ದೆ. ಒಪ್ಪಿದ್ದೇನೆ ಅಂತ ಗುಂಡಿ ಒತ್ತೋಕೆ ಬೆರಳಿಗೆ ಜೋಮು ಅಡ್ಡ ಬರ್ತಿತ್ತಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. “ಆ ಮೇಷ್ಟರ ಪಕ್ಕದಲ್ಲೂ ಯಾರೋ ಒಬ್ಬರು ಕಣ್ಣಿರೋರು ಇರ್ತಿದ್ರು ಕಣೋ. ನೀನು ಎಲ್ಲರ ಕೆಲಸಾನೂ ನೀನೇ ಮಾಡಿಬಿಟ್ಟೆ.”

ಅವನು ತಲೆ ತಗ್ಗಿಸಿ ಕೂತ. ಅವನ ತಲೆ ತಗ್ಗಿದ್ದು ಅವಳಿಗೆ ಕಾಣುವಂತಿರಲಿಲ್ಲ. ಆದರೂ ಕೈ ಚಾಚಿ ತಡಕಿ, ತಲೆ ಕೈಗೆ ಸಿಕ್ಕ ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು. “ಹೋಗಲಿ ಬಿಡು. ಹೋಗಿ ಕೈಕಾಲು ತೊಳ್ಕೊ” ಎಂದಳು.

ಮನೆ ಮೌನವಾಯಿತು. ಅಕ್ಕ ಬೆಳಗ್ಗೆ ಎದ್ದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಜೀರುಂಡೆಯ ದನಿಯನ್ನು ಬಲು ನಿಧಾನ ಮಾಡಿಕೊಂಡು ಸುದ್ದಿಯ ತಲೆಬರಹಗಳನ್ನು ಹೇಗೋ ಹಿಡಿಯುತ್ತಿದ್ದಳು. ನಾಲ್ಕು ಸಾಲು ಆಗುವಷ್ಟರಲ್ಲಿ ತಲೆ ನೋಯುತ್ತದೆಂದು ಆರಿಸುತ್ತಿದ್ದಳು. ತಮ್ಮ ಕೆಲಸದಿಂದ ಬಂದಾಗ ಹರವಲು ಅವಳ ಹತ್ತಿರ ಏನೂ ಇರುತ್ತಿರಲಿಲ್ಲ. “ಬಂದೆಯಾ?” ಎನ್ನುತ್ತಿದ್ದಳು, ಅಷ್ಟೇ.

ಹೀಗಿರುವಾಗ ಸಂಗೀತದ ಮೇಷ್ಟರ ಫೋನ್ ಬಂತು. ಅವರ ಕಂಪ್ಯೂಟರೂ ಬದಲಾಗಿತ್ತು, ಅವರ ದನಿಯೂ ಹೋಗಿತ್ತು. ಆದರೆ ಅವರ ಶಿಷ್ಯನೊಬ್ಬ ಆ ಲೈಬ್ರರಿಯ ಬೀಗವನ್ನೇ ಒಡೆದಿದ್ದ. ಕೀಲಿ ಕೇಳದೆ ಕೂರುವ ಒಂದು ಪ್ರತಿಯನ್ನು ಮಾಡಿ ಕೊಟ್ಟಿದ್ದ.

“ನಮ್ಮ ಮನೇಲಿ ಈಗ ಮೊದಲಿನ ಹಾಗೇ ಮಾತಾಡ್ತಿದೆ ಮಾರಾಯರೇ. ನಿಮ್ಮ ಅಕ್ಕನಿಗೆ ಕಳಿಸ್ಲಾ? ಇಷ್ಟು ವರ್ಷ ನೀವು ನಮಗೆ ಕೊಟ್ರಿ. ಇದೊಂದು ಸಲ ನಮ್ಮಿಂದ ತಗೊಳ್ಳಿ.”

ಪೊಟ್ಟಣದಣ್ಣ ಕಳಿಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವರು ಕಳಿಸಿಯೇಬಿಟ್ಟರು.

“ಹಾಕಿಬಿಡ್ರೀ” ಎಂದಳು ಹೆಂಡತಿ. “ನಮ್ಮ ಮನೆಯೊಳಗೆ ಯಾರು ಬಂದು ನೋಡ್ತಾರೆ? ಅತ್ತಿಗೆ ಮುಖ ನೋಡೋಕಾಗಲ್ಲ ನನಗೆ. ನಿನ್ನೆ ಸುಮ್ಮನೆ ಸ್ಪೀಕರ್ ಮೇಲೆ ಕೈ ಇಟ್ಕೊಂಡು ಕೂತಿದ್ರು.”

ಅವನಿಗೂ ಹಾಕಿಬಿಡಬೇಕು ಎನಿಸಿತು. ಯಂತ್ರದ ಮುಂದೆ ಕೂತ. ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು. ಸ್ನಾನಕ್ಕೆ ಹೋಗಿದ್ದ ಅಕ್ಕ ಗೋಡೆ ಹಿಡಿದು ಬರುವಷ್ಟರಲ್ಲಿ ಗುಮಾಸ್ತ ಕೋಣೆಗೆ ಮರಳಿರುತ್ತಿದ್ದ. ಬೆರಳು ಗುಂಡಿಯ ಮೇಲೆಯೇ ಇತ್ತು. ಅವನು ಅದನ್ನು ಎತ್ತಿ, ಅವಳು ಬರುವವರೆಗೆ ಕಾದ. ಬಂದು ಕೂತ ಮೇಲೆ ಕಿವಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ, “ಹಾಕಲಾ ಅಕ್ಕಾ?” ಎಂದು ಕೇಳಿದ.

“ನೀನು ಆ ಮೇಡಂಗೆ ಮಾತು ಕೊಟ್ಟಿದ್ದೀಯಲ್ವಾ?”

“ಕೊಟ್ಟಿದ್ದೀನಿ.”

“ಗೊತ್ತಾದ್ರೆ?”

“ಗೊತ್ತಾಗಲ್ಲ. ಗೊತ್ತಾದ್ರೆ ಮಾತ್ರ ಯೋಜನೆ ಪೂರ್ತಿ ಮುಚ್ಚಿಸ್ತಾರೆ.”

“ಆ ಜೀರುಂಡೆ ದನೀಲಿ ಓದೋರೂ ಇದ್ದಾರಾ?”

“ಇದ್ದಾರೆ. ಶಾಲೆಗಳಲ್ಲೆಲ್ಲ ಈಗ ಅದೇ. ಮಕ್ಕಳ ಕಿವಿ ಚುರುಕಲ್ವಾ, ಅವಕ್ಕೆ ಅದೇ ಸಾಕು.”

ಅಕ್ಕ ಒದ್ದೆ ಕೂದಲನ್ನು ಹಿಂಡುತ್ತಾ ಕೂತಳು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ; ಅದು ಅವಳಿಗೆ ಕೇಳಿಸಲಿಲ್ಲ.

“ಹಾಗಾದ್ರೆ ಬೇಡ” ಎಂದಳು.

“ಅಕ್ಕಾ, ಇನ್ನೊಂದು ಸಲ ಯೋಚನೆ ಮಾಡು.”

“ಮಾಡಿದೆ. ನೀನು ಕೇಳದೆ ಹಾಕಿದ್ದಿದ್ರೆ, ಆಸೆಗೆ ಸುಮ್ಮನಿದ್ದುಬಿಡ್ತಿದ್ದೆನೋ ಏನೋ. ಈಗ ಕೇಳಿದೆಯಲ್ಲಪ್ಪ, ಹೇಳಲೇಬೇಕು. ಬೇಡ.”

ಅವನು ಆ ಪ್ರತಿಯನ್ನು ಅಳಿಸಿದ. ಅಳಿಸುವಾಗ ಅವನ ಕಣ್ಣಲ್ಲಿ ನೀರು ತುಂಬಿ ಅಕ್ಷರಗಳು ಅಲುಗಾಡಿದವು. ಅಕ್ಕ ಕೇಳಿದಳು, “ಆಯ್ತಾ?” ಅವನು ಅವಳ ಕೈ ಅದುಮಿದ.

ಅಂದಿನಿಂದ ಅವನು ತಾನೇ ಓದಿ ಹೇಳತೊಡಗಿದ. ಕೆಲಸದಿಂದ ಬಂದ ಮೇಲೆ ಸ್ವಲ್ಪ, ಭಾನುವಾರ ಮಧ್ಯಾಹ್ನ ತುಂಬ ಹೊತ್ತು. ಅವಳಿಗೆ ಇಷ್ಟವಾದ ದೊಡ್ಡ ಕಾದಂಬರಿಯೊಂದನ್ನು ತಂದ. ಅವನದು ಮೊದಲಿನಿಂದಲೂ ಒರಟು ಗಂಟಲು; ಪದಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತಿದ್ದವು. ಗುಮಾಸ್ತನ ಹಾಗೆ ಓದಬೇಕೆಂದು ಹಟ ಹಿಡಿದು, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಓದಿದ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. “ನಮ್ಮೆಜಮಾನ್ರು ಭಾಷಣಕ್ಕೆ ತಯಾರಾಗ್ತಿದ್ದಾರೆ” ಎಂದು ಹೆಂಡತಿ ಅವರಿಗೆ ಸಮಾಧಾನ ಹೇಳಿ ಬಂದಳು.

ಅಕ್ಕ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಆಗಾಗ “ಹೂಂ” ಎನ್ನುತ್ತಿದ್ದಳು, ಒಮ್ಮೊಮ್ಮೆ ನಗುತ್ತಿದ್ದಳು. ಅವಳ ಮುಖದಲ್ಲಿ ಮತ್ತೆ ಕಳೆ ಬಂದ ಹಾಗೆ ಅವನಿಗೆ ಕಂಡಿತು. ನಾನು ಕಳೆದದ್ದನ್ನು ನಾನೇ ದುಡಿದು ಕೊಡುತ್ತಿದ್ದೇನೆ ಎಂದು ಅವನ ಮನಸ್ಸು ಸ್ವಲ್ಪ ಹಗುರವಾಯಿತು. ಗಂಟಲು ಕಟ್ಟಿದರೂ ಬಿಸಿನೀರು ಕುಡಿದು ಓದಿದ. ಕಥೆಯೂ ಚೆನ್ನಾಗಿ ಬೆಳೆದಿತ್ತು. ಮನೆ ಬಿಟ್ಟು ಹೋದ ತಂದೆಯನ್ನು ಮಗಳು ದೋಣಿಕಟ್ಟೆಯಲ್ಲಿ ಗುರುತಿಸುವ ಭಾಗಕ್ಕೆ ಬಂದಿದ್ದರು.

ಆ ಭಾನುವಾರ ಅವನು ಆ ಭಾಗ ಓದುತ್ತಿದ್ದಾಗ, ಮಗಳು ತಂದೆಯನ್ನು ಕರೆಯಬೇಕೆಂದು ಬಾಯಿ ತೆರೆದು ಕರೆಯಲಾರದೆ ನಿಂತ ಸಾಲು ಬಂತು. ಅಲ್ಲಿ ಅವನ ಕನ್ನಡಕ ಮಂಜಾಯಿತು. ಓದು ನಿಂತಿತು. ಅಕ್ಕ “ಏನಾಯ್ತೋ, ಓದು” ಎನ್ನುತ್ತಾಳೆಂದು ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕಾದ. ಬೀದಿಯಲ್ಲಿ ಒಂದು ಬಸ್ಸು ಗುಡುಗುಟ್ಟಿಕೊಂಡು ಹೋಯಿತು.

“ಹೂಂ” ಎಂದಳು ಅಕ್ಕ.

ಅವನು ತಲೆ ಎತ್ತಿದ. ಅವಳು ಗೋಡೆಗೆ ಒರಗಿ, ಮುಖವನ್ನು ಅವನ ಕಡೆಗೇ ತಿರುಗಿಸಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಲೆದೂಗಿ, “ಹೂಂ” ಎಂದಳು. ಆಮೇಲೆ ಸಣ್ಣಗೆ ನಕ್ಕಳು. ಅವನು ಒಂದಕ್ಷರವನ್ನೂ ಓದಿರಲಿಲ್ಲ.

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹೆಂಡತಿ ಅವನ ಮುಖವನ್ನೂ ಅಕ್ಕನ ಮುಖವನ್ನೂ ನೋಡಿ ಅಲ್ಲಿಯೇ ನಿಂತಳು.

ಅವನು ಎದ್ದು ಹೋಗಿ ಅಕ್ಕನ ಬಲಗಿವಿಯ ಹತ್ತಿರ ಬಾಗಿ, “ಅಕ್ಕಾ, ಕೇಳಿಸ್ತಿದೆಯಾ?” ಎಂದ. ಎರಡನೆಯ ಸಲ ಕೇಳಬೇಕಾಯಿತು.

ಸಿಕ್ಕಿಬಿದ್ದವರ ಹಾಗೆ ಅಕ್ಕನ ಮುಖ ಒಂದು ಗಳಿಗೆ ಬೆಪ್ಪಾಯಿತು. ಆಮೇಲೆ ಅವನ ತೋಳನ್ನು ತಡಕಿ ಹಿಡಿದುಕೊಂಡಳು.

“ನೀನು ಓದ್ತಾ ಇರ್ತೀಯಲ್ಲ, ನಿನ್ನ ಪಕ್ಕ ಕೂತಿರೋದು ಚೆನ್ನಾಗಿರುತ್ತೆ ಕಣೋ” ಎಂದಳು. “ನಿಲ್ಲಿಸಬೇಡ.”

ಅವನು ಕುರ್ಚಿಗೆ ಮರಳಿ ಪುಸ್ತಕ ತೆರೆದ. ಪುಟ ತಪ್ಪಿಹೋಗಿತ್ತು. ಅವಳಿಗೆ ಕೇಳಲಿ ಎಂದು ಎದೆಯ ಬಲವನ್ನೆಲ್ಲ ಹಾಕಿ ಕೂಗಿ ಕೇಳಿದ: “ಎಲ್ಲಿಂದ ಓದಲಿ ಅಕ್ಕಾ?”

“ಎಲ್ಲಿಂದಾದ್ರೂ ಓದು” ಎಂದಳು ಅಕ್ಕ.